ಕ್ಲಿಪ್ ತೆಗೆದ ಮೇಲೂ ಉಳಿಯುವ ಗುರುತು

ಬಿಕರ್ನಕಟ್ಟೆಯ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ. ಒಂಬತ್ತನೆಯ ತರಗತಿಗೆ ‘ಅಂಗಾಂಶಗಳು’ ಪಾಠ ಮಾಡುತ್ತಿದ್ದೆ. “ಚರ್ಮದ ಕೋಶದಲ್ಲೂ ನರದ ಕೋಶದಲ್ಲೂ ಒಂದೇ ಡಿಎನ್‌ಎ ಅಲ್ವಾ ಟೀಚರ್? ಮತ್ತೆ ಅವು ಬೇರೆ ಬೇರೆ ಯಾಕೆ?” ಎಂದು ಒಬ್ಬಳು ಕೇಳಿದಳು.

ಪಠ್ಯಪುಸ್ತಕವನ್ನೇ ಬೋಧನೋಪಕರಣ ಮಾಡಿಕೊಂಡೆ. ಎರಡು ಗುಂಪುಗಳಿಗೆ ಅದರ ಒಂದೊಂದು ಪ್ರತಿ ಕೊಟ್ಟು, ಬೇರೆ ಬೇರೆ ಪುಟಗಳಿಗೆ ಕ್ಲಿಪ್ ಹಾಕಿಸಿದೆ. ಪುಸ್ತಕ ಒಂದೇ, ಓದಲು ಸಿಗುವ ಪುಟಗಳು ಬೇರೆ. ಕೋಶದಲ್ಲಿ ಕ್ಲಿಪ್‌ನಂತೆ ಕೆಲಸ ಮಾಡುವುದು ಡಿಎನ್‌ಎಗೆ ಅಂಟುವ ಮೀಥೈಲ್ ಗುಂಪುಗಳು ಮತ್ತು ಹಿಸ್ಟೋನ್ ಪ್ರೋಟೀನ್‌ಗಳ ಮೇಲಿನ ರಾಸಾಯನಿಕ ಗುರುತುಗಳು. ಇವುಗಳ ಅಧ್ಯಯನವೇ ಎಪಿಜೆನೆಟಿಕ್ಸ್.

ಮುಂದೆ ಜಪಾನಿನ ಶಿನ್ಯಾ ಯಮನಾಕ ಅವರ ಕೆಲಸ ಹೇಳಿದೆ. 2006ರಲ್ಲಿ ಅವರು 4 ವಂಶವಾಹಿಗಳನ್ನು ಸೇರಿಸಿ ಇಲಿಯ ಸಾಮಾನ್ಯ ಕೋಶವನ್ನು ಆಕರಕೋಶದ ಸ್ಥಿತಿಗೆ ಮರಳಿಸಿದರು. 2007ರಲ್ಲಿ ಮನುಷ್ಯರ ಕೋಶವನ್ನೂ. 2012ರಲ್ಲಿ ನೊಬೆಲ್ ಬಂತು. “ಎಲ್ಲ ಕ್ಲಿಪ್ ತೆಗೆದ ಹಾಗೆ. ಇನ್ನು ಯಾವ ಅಂಗವನ್ನೂ ಮಾಡಬಹುದು” ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗ ಎದ್ದುನಿಂತ. “ಅಪ್ಪನಿಗೆ ಡಯಾಲಿಸಿಸ್ ಉಂಟು. ಹೊಸ ಕಿಡ್ನಿ ಮಾಡ್ಲಿಕ್ಕೆ ಆಗ್ತದಾ ಟೀಚರ್?”

“ಆಗಬಹುದು” ಎಂದೆ. ಗಂಟೆ ಬಾರಿಸಿತು.

ಪಾಠ ವೀಕ್ಷಿಸಿದ ಮೇಡಂ ನನ್ನ ಪುಸ್ತಕದಲ್ಲಿ ಬರೆದರು: “ಕ್ಲಿಪ್ ತೆಗೆದ ಪುಟ ನೋಡಿದಿರಾ?” ನೋಡಿದೆ. ಕ್ಲಿಪ್‌ನ ಅಚ್ಚು ಕಾಗದದ ಮೇಲೆ ಹಾಗೇ ಇತ್ತು.

ಕೋಶದಲ್ಲೂ ಹಾಗೆಯೇ. ಇಲಿಯ ರಕ್ತಕೋಶದಿಂದ ಮಾಡಿದ ಆಕರಕೋಶಗಳು ಮತ್ತೆ ರಕ್ತವಾಗುವುದಕ್ಕೇ ಹೆಚ್ಚು ಒಲಿಯುತ್ತವೆಂದು 2010ರಲ್ಲಿ ತಿಳಿದುಬಂತು. 2011ರಲ್ಲಿ ಮನುಷ್ಯರ ಕೋಶಗಳಲ್ಲಿ ಅಳಿಯದ ಹಳೆಯ ಗುರುತುಗಳ ಜೊತೆಗೆ ಹೊಸ ತಪ್ಪು ಗುರುತುಗಳೂ ಕಂಡವು. ಆದ್ದರಿಂದ ಇಂಥ ಕೋಶಗಳನ್ನು ಬಳಸುವ ಮೊದಲು ಪರೀಕ್ಷಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ, ಮಾನಸಿಕ ಕಾಯಿಲೆ ಹೆಚ್ಚಿರುವ ಕುಟುಂಬಗಳ ಸದಸ್ಯರ ಕೋಶಗಳಿಂದ ಆಕರಕೋಶ ಬೆಳೆಸಿವೆ. ಅಲ್ಲಿಯ ಉದ್ದೇಶ ಅಂಗ ತಯಾರಿಸುವುದಲ್ಲ, ಕಾಯಿಲೆಯ ಮೂಲ ಅರಿಯುವುದು.

ಮರುದಿನ ಹುಡುಗನನ್ನು ಬಿಡುವಿನಲ್ಲಿ ಕರೆದೆ. “ನಿನ್ನೆ ನಾನು ಹೇಳಿದ್ದು ತಪ್ಪು. ಲ್ಯಾಬಿನಲ್ಲಿ ಪುಟ್ಟ ಕಿಡ್ನಿಯಂಥ ಅಂಗಾಂಶ ಬೆಳೆಸಿದ್ದಾರೆ, ಅಪ್ಪನಿಗೆ ಜೋಡಿಸುವಂಥದ್ದು ಇನ್ನೂ ಆಗಿಲ್ಲ. ಡಯಾಲಿಸಿಸ್ ತಪ್ಪಿಸಬಾರದು.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಗುರುತು ಅಳಿಸ್ಲಿಕ್ಕೆ ಯಾರಾದ್ರೂ ನೋಡ್ತಾ ಇದ್ದಾರಾ?” ಎಂದ. “ಇದ್ದಾರೆ” ಎಂದೆ. ಆ ಉತ್ತರ ನಿಜವಾಗಿತ್ತು.

ತರಗತಿಯಲ್ಲೂ ಮೊದಲ ಹತ್ತು ನಿಮಿಷ ತಿದ್ದುಪಡಿಗೇ ಇಟ್ಟು, ಅಚ್ಚು ಉಳಿದ ಪುಟವನ್ನು ತೋರಿಸಿದೆ. ಈಗ ಪಾಠಯೋಜನೆಯಲ್ಲಿ ಪ್ರತಿ ಹೋಲಿಕೆಯ ಎದುರು, ಅದು ಎಲ್ಲಿಯವರೆಗೆ ಸರಿ ಎಂದೂ ಬರೆದುಕೊಳ್ಳುತ್ತೇನೆ.