ಮೂತ್ರನಾಳದ ದುರಸ್ತಿಗೆ ಕೆನ್ನೆಯ ಒಳಪೊರೆ

ಮೂತ್ರದ ಧಾರೆ ಸಣ್ಣದಾಗುವುದು, ತಿಣುಕಬೇಕಾಗುವುದು, ಮುಗಿದ ಮೇಲೂ ಹನಿ ಹನಿಯಾಗಿ ತೊಟ್ಟಿಕ್ಕುವುದು. ಇಂತಹ ತೊಂದರೆಗಳನ್ನು ಅನೇಕ ಪುರುಷರು ಸಂಕೋಚದಿಂದ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಇಳಿವಯಸ್ಸಿನಲ್ಲಿ ಇದಕ್ಕೆ ಪ್ರಾಸ್ಟೇಟ್ ಗ್ರಂಥಿ ಕಾರಣವಿರಬಹುದು. ಯುವಕರಲ್ಲಿ ಕಂಡುಬಂದರೆ ಮೂತ್ರನಾಳವೇ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಇದನ್ನು ವೈದ್ಯರು 'ಸ್ಟ್ರಿಕ್ಚರ್' ಎನ್ನುತ್ತಾರೆ. ನಿರ್ಲಕ್ಷಿಸಿದರೆ ಮೂತ್ರ ಕಟ್ಟಿಕೊಳ್ಳುತ್ತದೆ, ಸೋಂಕು ಮರುಕಳಿಸುತ್ತದೆ, ಕೊನೆಗೆ ಮೂತ್ರಪಿಂಡಗಳಿಗೂ ಹಾನಿಯಾಗಬಹುದು.

ನಾಳದ ಒಳಗೆ ಆದ ಗಾಯ ಮಾಯುವಾಗ ಗಡುಸಾದ ಕಲೆ ಉಳಿದು ದಾರಿ ಕಿರಿದಾಗುತ್ತದೆ. ಲೈಂಗಿಕ ಸೋಂಕು, ಕ್ಯಾತಿಟರ್ ಅಳವಡಿಕೆಯಿಂದಾದ ಗಾಯ, ಜನನಾಂಗದ ಚರ್ಮವನ್ನು ಬಿಳಿಚಿಸುವ 'ಲೈಕೆನ್ ಸ್ಕ್ಲೆರೋಸಸ್' ಇದಕ್ಕೆ ಕಾರಣಗಳು. ಎತ್ತರದಿಂದ ಬಿದ್ದು ತೊಡೆಸಂದಿಗೆ ಪೆಟ್ಟಾಗುವುದು, ವಾಹನ ಅಪಘಾತದಲ್ಲಿ ಸೊಂಟದ ಮೂಳೆ ಮುರಿಯುವುದು ಇನ್ನೆರಡು ಕಾರಣಗಳು. ಕಲ್ಲುಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಶಹಾಬಾದ್, ವಾಡಿ, ಸೇಡಂ ಭಾಗದ ದುಡಿಯುವ ಜನರಿಗೆ ಇಂತಹ ಅವಘಡಗಳು ಹೊಸವಲ್ಲ.

ಸಲಾಕೆಯಂತಹ ಉಪಕರಣದಿಂದ ನಾಳವನ್ನು ಹಿಗ್ಗಿಸುವುದು ಅಥವಾ ದುರ್ಬೀನಿನ ಮೂಲಕ ಕಲೆಯನ್ನು ಸೀಳುವುದು ಹಳೆಯ ಚಿಕಿತ್ಸೆ. ಕಲೆ ಚಿಕ್ಕದಾಗಿದ್ದು ಮೊದಲ ಬಾರಿಯಾದರೆ ಇದು ಫಲ ನೀಡಬಹುದು. ಆದರೆ ಪ್ರತಿ ಸಲ ಸೀಳಿದಾಗಲೂ ಹೊಸ ಗಾಯವಾಗಿ ಕಲೆ ಬೆಳೆಯುವ ಅಪಾಯವಿದೆ. ಆದ್ದರಿಂದಲೇ ಅಮೆರಿಕದ ಯುರಾಲಜಿ ಸಂಘದ 2016ರ ಮಾರ್ಗಸೂಚಿಯು, ಮರುಕಳಿಸಿದ ಸ್ಟ್ರಿಕ್ಚರ್‌ಗೆ ಮತ್ತೆ ಮತ್ತೆ ಸೀಳುವ ಬದಲು 'ಯುರೆಥ್ರೋಪ್ಲಾಸ್ಟಿ' ಎಂಬ ಮರುನಿರ್ಮಾಣ ಶಸ್ತ್ರಚಿಕಿತ್ಸೆಯನ್ನು ಸೂಚಿಸಿತು.

ಕಲೆ ಚಿಕ್ಕದಾಗಿದ್ದರೆ ಅದನ್ನು ಕತ್ತರಿಸಿ ತೆಗೆದು ನಾಳದ ಎರಡೂ ತುದಿಗಳನ್ನು ಜೋಡಿಸಬಹುದು. ಸೊಂಟದ ಮೂಳೆ ಮುರಿದಾಗ ತುಂಡಾದ ನಾಳಕ್ಕೂ ಸಾಮಾನ್ಯವಾಗಿ ಇದೇ ಕ್ರಮ. ಕಲೆ ಉದ್ದವಾಗಿದ್ದರೆ ಜೋಡಿಸಲು ನಾಳ ಸಾಲದು. ಆಗ ಬೇರೆಡೆಯ ಅಂಗಾಂಶ ಬೇಕಾಗುತ್ತದೆ.

ಇದರಲ್ಲಿ ಎರಡು ಬಗೆಗಳಿವೆ. ಕಿತ್ತು ನೆಟ್ಟ ಸಸಿ ಹೊಸ ಮಣ್ಣಿನಲ್ಲಿ ಬೇರು ಬಿಡಬೇಕಾದಂತೆ, ಬೇರ್ಪಡಿಸಿ ತಂದ ಕಸಿ ಅಂಗಾಂಶವು ಹೊಸ ಜಾಗದಲ್ಲಿ ರಕ್ತಸಂಪರ್ಕ ಪಡೆಯಬೇಕು. ಮೊದಲ ಕೆಲವು ದಿನಗಳೇ ನಿರ್ಣಾಯಕ. 'ಫ್ಲ್ಯಾಪ್' ಹಾಗಲ್ಲ. ತಾಯಿಗಿಡಕ್ಕೆ ಅಂಟಿಕೊಂಡೇ ನೆಲಕ್ಕೆ ಬಾಗಿಸಿದ ಕೊಂಬೆಯಂತೆ, ಜನನಾಂಗದ ಚರ್ಮದ ಪಟ್ಟಿಯನ್ನು ಅದರ ರಕ್ತನಾಳಗಳ ಸಮೇತ ತಿರುಗಿಸಿ ಹೊಲಿಯಲಾಗುತ್ತದೆ. ಆದರೆ ಲೈಕೆನ್ ಸ್ಕ್ಲೆರೋಸಸ್ ಇದ್ದವರಿಗೆ ಈ ಚರ್ಮ ಸಲ್ಲದು. ಕಾಯಿಲೆ ಅದರಲ್ಲೂ ಮರುಕಳಿಸಬಹುದು.

ಇಂದು ಕಸಿಗೆ ಹೆಚ್ಚು ಬಳಕೆಯಲ್ಲಿರುವುದು ಕೆನ್ನೆಯ ಒಳಪೊರೆ. ಅದು ಸದಾ ತೇವಕ್ಕೆ ಹೊಂದಿಕೊಂಡಿರುತ್ತದೆ, ಕೂದಲಿರುವುದಿಲ್ಲ, ಬೇಗ ಅಂಟಿಕೊಳ್ಳುತ್ತದೆ. ಬಾಯಿಯ ಗಾಯವೂ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮಾಯುತ್ತದೆ. ಇಟಲಿಯ ಗೈಡೋ ಬಾರ್ಬಾಗ್ಲಿ 1996ರಲ್ಲಿ ಕಸಿಯನ್ನು ನಾಳದ ಬೆನ್ನಿನ ಭಾಗದಲ್ಲಿ ಹೊಲಿಯುವ ವಿಧಾನವನ್ನು ವಿವರಿಸಿದರು. ಭಾರತೀಯರ ಕೊಡುಗೆಯೂ ಹಿರಿದು. ಆಗ್ರಾದ ಎಚ್.ಎಸ್. ಆಸೋಪಾ 2001ರಲ್ಲಿ ಹಾಗೂ ಪುಣೆಯ ಸಂಜಯ್ ಕುಲಕರ್ಣಿ 2009ರಲ್ಲಿ ಪ್ರಕಟಿಸಿದ ವಿಧಾನಗಳು ಇಂದು ವಿಶ್ವದ ಹಲವೆಡೆ ಬಳಕೆಯಲ್ಲಿವೆ. ನಾಳವನ್ನು ಸುತ್ತಲೂ ಬಿಡಿಸದೆ ಒಂದೇ ಪಕ್ಕದಿಂದ ಬಿಡಿಸಿ, ಮತ್ತೊಂದು ಪಕ್ಕದ ರಕ್ತಸಂಚಾರವನ್ನು ಕಾಯ್ದುಕೊಳ್ಳುವುದು ಕುಲಕರ್ಣಿ ವಿಧಾನದ ಹೆಗ್ಗಳಿಕೆ.

ಆದರೆ ಕಸಿಗೆ ಬಾಯಿಯೇ ಕೆಟ್ಟಿದ್ದರೆ? ಗುಟ್ಕಾ, ತಂಬಾಕು, ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಗಿದು ಗಡುಸಾಗುತ್ತದೆ. ಕೆಲವರಿಗೆ ಬಾಯಿ ತೆರೆಯುವುದೇ ಕಷ್ಟ. ಅಂತಹ ಪೊರೆ ಒಳ್ಳೆಯ ಕಸಿಯಾಗದು. ಆಗ ನಾಲಿಗೆಯ ತಳದ ಪೊರೆ ಅಥವಾ ಕಿವಿಯ ಹಿಂದಿನ ಚರ್ಮವನ್ನು ಅವಲಂಬಿಸಬೇಕಾದೀತು. ಜಗಿಯುವ ಚಟ ಕೊನೆಗೆ ಮೂತ್ರನಾಳದ ಚಿಕಿತ್ಸೆಗೂ ಅಡ್ಡಿಯಾಗುವುದು ಹೀಗೆ.

ಶಸ್ತ್ರಚಿಕಿತ್ಸೆಯ ನಂತರ ಸುಮಾರು 3 ವಾರ ಕ್ಯಾತಿಟರ್ ಇರುತ್ತದೆ. ಕಲೆ ಮರಳಬಹುದಾದ್ದರಿಂದ ವರ್ಷಗಳವರೆಗೂ ತಪಾಸಣೆ ಅಗತ್ಯ. ಗುಂಡಗುರ್ತಿಯಂತಹ ಹಳ್ಳಿಗಳ ರೋಗಿಗಳು ಮೊದಲು ಕಲಬುರಗಿಯಲ್ಲಿ ಯುರಾಲಜಿ ತಜ್ಞರನ್ನು ಕಂಡು, ಮೂತ್ರದ ವೇಗದ ಪರೀಕ್ಷೆ ಹಾಗೂ ನಾಳಕ್ಕೆ ದ್ರಾವಣ ಹಾಯಿಸಿ ತೆಗೆಯುವ ಎಕ್ಸ್‌ರೇ ಮಾಡಿಸಿಕೊಳ್ಳುವುದು ಸೂಕ್ತ. ಸಂಕೀರ್ಣ ಪ್ರಕರಣಗಳಿಗೆ ಬೆಂಗಳೂರಿನಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಒಮ್ಮೆ ಸೀಳಿಸಿಕೊಂಡ ಮೇಲೂ ತೊಂದರೆ ಮರುಕಳಿಸಿದರೆ, ಮತ್ತೊಮ್ಮೆ ಸೀಳಿಸಿಕೊಳ್ಳುವ ಮೊದಲು ಮರುನಿರ್ಮಾಣ ಸಾಧ್ಯವೇ ಎಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು.