ಪುಷ್ಪದಳಗಳ ಸಂಖ್ಯಾಭೇದ: ಆಗಮವೋ ಆದೇಶವೋ?

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಬಂಗಾರಪೇಟೆಯಲ್ಲಿಯೂ ಕನ್ನಡ, ತೆಲುಗು, ತಮಿಳುಗಳು ಒಂದೇ ಬೀದಿಯಲ್ಲಿ ಕೇಳಿಬರುವುವು. ಎಸಳುಗಳು ಇಡಿಕಿರಿದ ದಾಸವಾಳವನ್ನು ತೆಲುಗರು ‘ಮುದ್ದ ಮಂದಾರಂ’ ಎಂದೂ ತಮಿಳರು ‘ಅಡುಕ್ಕು ಸೆಂಬರುತ್ತಿ’ ಎಂದೂ ಕರೆಯುವರು. ಮೊದಲನೆಯ ಹೆಸರು ಹೂವಿನ ಒಟ್ಟು ಆಕಾರವನ್ನೂ ಎರಡನೆಯದು ಪದರಗಳನ್ನೂ ಸೂಚಿಸುವುದು. ಕನ್ನಡವಾದರೋ ‘ಏಳುಸುತ್ತಿನ ಮಲ್ಲಿಗೆ’ ಎಂಬಲ್ಲಿ ಸುತ್ತುಗಳನ್ನೇ ಎಣಿಸಿರುವುದು. ಎಸಳು ಹೆಚ್ಚುವುದೆಂದರೇನು ಎಂಬ ಪ್ರಶ್ನೆಗೆ ಈ ‘ಸುತ್ತು’ ಶಬ್ದವೇ ದಾರಿ ತೋರುವುದು.

ಪೂರ್ಣಪುಷ್ಪಕ್ಕೆ ಸುತ್ತುಗಳು ನಾಲ್ಕು: ಹೊರಗೆ ಪುಷ್ಪಪತ್ರ, ಬಳಿಕ ದಳ, ಅದರೊಳಗೆ ಕೇಸರ, ನಡುವೆ ಶಲಾಕೆ. ಸಾಮಾನ್ಯ ದಾಸವಾಳಕ್ಕೆ ದಳಗಳು ಐದು. ಅದರ ಕೇಸರಗಳು ಅನೇಕವಾಗಿದ್ದು ಒಂದೇ ಕೊಳವೆಯಾಗಿ ಕೂಡಿರುವುವು. ಇಡಿಕಿರಿದ ಹೂವಿನಲ್ಲಿ ಆ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುವು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಆಗಮವಲ್ಲ, ಆದೇಶ. ‘ಕೆರೆಯನ್ನು’ ಎಂಬಲ್ಲಿ ಯಕಾರವು ಹೊಸದಾಗಿ ಬಂದಿತು. ‘ಮಳೆಗಾಲ’ ಎಂಬಲ್ಲಿ ಗಕಾರವು ಕಕಾರದ ಸ್ಥಾನದಲ್ಲಿ ನಿಂತಿತು. ದಳವು ಕೇಸರದ ಸ್ಥಾನದಲ್ಲಿ ನಿಂತುದೂ ಇಂತೆಯೇ.

ಜರ್ಮನ್ ಕವಿ ಗಯಟೆಯು 1790ರಲ್ಲಿಯೇ ಹೂವಿನ ಅಂಗಗಳೆಲ್ಲವೂ ಎಲೆಯ ರೂಪಾಂತರಗಳೆಂದು ಪ್ರತಿಪಾದಿಸಿದನು. 1991ರಲ್ಲಿ ಕೋಯೆನ್ ಮತ್ತು ಮೆಯರೋವಿಟ್ಸ್ ಎಂಬ ವಿಜ್ಞಾನಿಗಳು ಇದರ ನಿಯಮವನ್ನು ನಿರೂಪಿಸಿದರು. ಮೂರು ವರ್ಗದ ಜೀನುಗಳು ಕೂಡಿ ಪ್ರತಿ ಸುತ್ತಿನ ರೂಪವನ್ನೂ ನಿರ್ಧರಿಸುವುವು. ಮೂರನೆಯ ವರ್ಗದ ಜೀನು ವಿಕೃತವಾದರೆ ಕೇಸರದ ಸುತ್ತಿನಲ್ಲಿ ದಳಗಳು ಹುಟ್ಟುವುವು.

ಮಲೆನಾಡಿನ ಸೀತಾಳೆದಂಡೆಯೇ ಮೊದಲಾದ ಆರ್ಕಿಡ್ ಹೂಗಳಲ್ಲಿಯೂ ಆದೇಶವೇ ಕಾಣುವುದು. ಅಲ್ಲಿ ಒಳಸುತ್ತಿನ ಮೂರು ದಳಗಳಲ್ಲಿ ಒಂದು ತುಟಿಯ ಆಕಾರವನ್ನು ತಾಳಿರುವುದು. ವಿಕೃತಿಯಿಂದ ಆ ತುಟಿಯು ಸಾಮಾನ್ಯ ದಳದಂತಾದರೆ, ಎರಡಿದ್ದ ದಳಗಳು ಮೂರಾದಂತೆ ತೋರುವುದು. ಅಂಗಗಳ ಸಂಖ್ಯೆಯಾದರೋ ಮೊದಲಿನಷ್ಟೇ. ಎಲ್ಲ ಸಂಖ್ಯಾಭೇದವೂ ವಿಕೃತಿಯಲ್ಲವೆಂಬುದನ್ನೂ ಗಮನಿಸಬೇಕು. ಪಾರಿಜಾತದ ಹೂಗಳಲ್ಲಿ ಐದರಿಂದ ಎಂಟರವರೆಗೆ ಎಸಳುಗಳಿರುವುದು ಸಹಜವೈವಿಧ್ಯವೇ ಆಗಿರುವುದು.

ಆದೇಶದಲ್ಲಿ ಸ್ಥಾನಿಯು ಲೋಪವಾಗುವುದಷ್ಟೆ. ಕೇಸರವು ಅಳಿದಷ್ಟೂ ಪರಾಗವು ಕಡಮೆಯಾಗಿ ಬೀಜವು ದುರ್ಲಭವಾಗುವುದು. ಆದಕಾರಣ ಇಂತಹ ದಾಸವಾಳವನ್ನು ಕಡ್ಡಿ ನೆಟ್ಟು ಬೆಳೆಸುವರು. ನೆಡುವ ಕೈಯಿಲ್ಲದಿದ್ದರೆ ಅದರ ವಂಶವು ನಿಲ್ಲದು. ‘ಬಹುದಳ’ವೆಂಬ ಮಾತು ವೃದ್ಧಿಯನ್ನಷ್ಟೇ ಹೇಳಿ ಈ ಹಾನಿಯನ್ನು ಮರೆಸುವುದು. ಯಾವ ಸುತ್ತು ಯಾವುದಾಯಿತೆಂದು ವಿಚಾರಿಸುವ ವಿದ್ಯಾರ್ಥಿಗೆ ಎರಡೂ ತಿಳಿಯುವುವು.

2001ರಲ್ಲಿ ಗಣಿಗಳು ಮುಚ್ಚಿದ ಬಳಿಕ ಅನೇಕ ಕುಟುಂಬಗಳು ಜೀವನಾರ್ಥವಾಗಿ ಊರು ಬಿಟ್ಟಿರುವುವು. ಕಡ್ಡಿಯಂತೆ ಹೆಸರುಗಳೂ ಕೈಯಿಂದ ಕೈಗೆ ಸಾಗಿದರೆ ಮಾತ್ರ ಉಳಿಯತಕ್ಕವು. ಆ ಸೀಮೆಯ ಅಧ್ಯಾಪಕರು ಮೂರು ಭಾಷೆಗಳ ಪುಷ್ಪನಾಮಗಳನ್ನೂ ಮಕ್ಕಳ ಮನೆಮಾತಿನಿಂದ ಸಂಗ್ರಹಿಸುವುದೂ, ‘ಸುತ್ತು’ ಎಂಬ ಅಚ್ಚಗನ್ನಡ ಶಬ್ದವನ್ನು ಶಾಸ್ತ್ರಪಾಠದಲ್ಲಿ ಪರಿಭಾಷೆಯಾಗಿ ಬಳಸುವುದೂ ಯುಕ್ತವಾಗಿರುವುದು.