ಲೆಕ್ಕದ ಪುಸ್ತಕದಲ್ಲೊಂದು ಸಂತಸದ ಸಾಲು

ಹಾಲು, ತರಕಾರಿ, ಬಸ್ ಚಾರ್ಜಿನ ಲೆಕ್ಕ ಬರೆಯದೆ ಅಪ್ಪ ಮಲಗಿದವರಲ್ಲ. ಗುಮಾಸ್ತರ ಸಂಬಳದಲ್ಲೇ ಮೂವರು ಮಕ್ಕಳನ್ನು ಓದಿಸಿದರು; ಒಂದು ರೂಪಾಯಿ ಸಾಲವನ್ನೂ ಉಳಿಸಿ ಹೋಗಲಿಲ್ಲ. ಆದರೆ ಮಳೆಗಾಲದಲ್ಲೊಮ್ಮೆ ಜೋಗ ನೋಡಬೇಕೆಂಬ ಅಮ್ಮನ ಆಸೆ ಮಾತ್ರ ‘ಮುಂದಿನ ವರ್ಷ’ಕ್ಕೆ ಸರಿಯುತ್ತಲೇ ಇತ್ತು. ಕೈಯಲ್ಲಿ ನಾಲ್ಕು ಕಾಸು ಕೂಡುವಷ್ಟರಲ್ಲಿ ಅಮ್ಮನೇ ಇರಲಿಲ್ಲ.

ಆ ಕೊರಗಿನಲ್ಲಿ ನಾನು ತದ್ವಿರುದ್ಧ ದಾರಿ ಹಿಡಿದೆ. 2016ರಲ್ಲಿ ಯುಪಿಐ ಬಂದ ಮೇಲಂತೂ ನೋಟು ಎಣಿಸುವಾಗಿನ ಹಿಂಜರಿಕೆಯೂ ಹೋಯಿತು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿಯೆಂದರೆ ವರ್ಷಕ್ಕೆ ಶೇ 42 ಎಂಬುದು ಅರಿವಾದದ್ದು ಬಿಲ್ಲು ಕೈಸೇರಿದಾಗಲೇ.

ಈಗ ನಾನೂ ಲೆಕ್ಕ ಬರೆಯುತ್ತೇನೆ. ಸಂಬಳ ಬಂದ ದಿನವೇ ಆರ್‌.ಡಿ.ಗೆ ಒಂದು ಪಾಲು, ಆಪತ್ಕಾಲಕ್ಕೆಂದು ಇನ್ನೊಂದು ಪಾಲು. ಜತೆಗೆ ಅಪ್ಪನ ಪುಸ್ತಕದಲ್ಲಿಲ್ಲದ ಒಂದು ಸಾಲು: ‘ಸಂತೋಷ– 2,000 ರೂ.’ ಅದು ನಾಟಕಕ್ಕೋ, ಪುಸ್ತಕಕ್ಕೋ, ಪ್ರವಾಸಕ್ಕೋ. ಮೊದಲೇ ಎತ್ತಿಟ್ಟ ಹಣವಾದ್ದರಿಂದ ಸಾಲದ ಭಯವಿಲ್ಲ, ದುಂದು ಮಾಡಿದೆನೆಂಬ ಅಳುಕೂ ಇಲ್ಲ. ಕಳೆದ ಮಳೆಗಾಲದಲ್ಲಿ ಹೆಂಡತಿ ಮಕ್ಕಳೊಡನೆ ಜೋಗ ನೋಡಿ ಬಂದದ್ದು ಆ ಹಣದಲ್ಲೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾಲು ಮುದುಡಿಕೊಂಡೇ ಮಲಗು ಎಂದೇನೂ ಅವರು ಹೇಳಲಿಲ್ಲವಲ್ಲ!